ಕನ್ನಡ ನಾಡಿನ ಹಳ್ಳಿಗಳಲ್ಲಿ ವಿದ್ಯುದ್ದೀಪವೂ ಮಳೆಗಾಳಿಗಳೂ

ದೀಪವು 'ಆರಿತು' ಎಂದು ಬಾಯಿಬಿಟ್ಟು ಹೇಳುವುದು ಅಮಂಗಳವೆಂದು ಹಿಂದಿನವರು ಭಾವಿಸಿದ್ದರು. 'ದೀಪ ಶಾಂತವಾಯಿತು' ಎಂದು ನುಡಿಯುವುದೇ ಮನೆತನಗಳ ಸಂಪ್ರದಾಯವಾಗಿತ್ತು. ಹಾಗೆ ಶಾಂತವಾದ ದೀಪದ ಕಾರಣವನ್ನು ತಿಳಿಯಲು ಯಾರೂ ಮನೆಯ ಹೊಸಿಲನ್ನು ದಾಟಬೇಕಾಗಿರಲಿಲ್ಲ. ಎಣ್ಣೆ ತೀರಿರಬೇಕು, ಇಲ್ಲವೆ ಬತ್ತಿ ಕರಗಿರಬೇಕು, ಇಲ್ಲವೆ ಕಿಟಕಿಯಿಂದ ಗಾಳಿ ಬೀಸಿರಬೇಕು. ಹರಳೆಣ್ಣೆಯ ಕಾಲದಿಂದ ಸೀಮೆಯೆಣ್ಣೆಯ ಕಾಲದವರೆಗೂ ಸ್ಥಿತಿಯು ಹೀಗೆಯೇ ಇದ್ದಿತು. ವಿದ್ಯುಚ್ಛಕ್ತಿಯು ಹಳ್ಳಿಗೆ ಬಂದಮೇಲೆ ಭಾಷೆಯೂ ಬದಲಾಯಿತು. 'ಕರೆಂಟು ಹೋಯಿತು' ಎಂಬ ಮಾತು ಹುಟ್ಟಿತು. ಅದು ಎಲ್ಲಿಗೆ ಹೋಯಿತು, ಏತಕ್ಕೆ ಹೋಯಿತು, ಯಾವಾಗ ಬಂದೀತು ಎಂಬ ಪ್ರಶ್ನೆಗಳಿಗೆ ಮನೆಯೊಳಗೆ ಉತ್ತರವಿಲ್ಲ. ನೂರು ಮೈಲಿಗಳಾಚೆ ಒಂದು ಹೊಳೆಯಲ್ಲಿ ನೀರು ಇಳಿದುದೂ, ಮೂರು ಮೈಲಿಗಳಾಚೆ ಒಂದು ಹಲಸಿನ ಕೊಂಬೆ ಮುರಿದುದೂ ಒಂದೇ ಕತ್ತಲೆಯಾಗಿ ಮನೆಗೆ ಬರುತ್ತವೆ. ಈ ಕತ್ತಲೆಯ ಕಾರಣಗಳು ಕನ್ನಡ ನಾಡಿನಲ್ಲಿ ಹೇಗೆ ಹುಟ್ಟಿದುವು, ಅವುಗಳನ್ನು ಜನರು ಹೇಗೆ ಅರಿತರು, ಅರಿತುದನ್ನು ತಿಳಿಸುವ ಕ್ರಮವು ಹೇಗೆ ಬೆಳೆಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ಚರಿತ್ರೆಯು ಪ್ರಾರಂಭವಾಗುವುದು ಶಿವನಸಮುದ್ರದಲ್ಲಿ. ಕಾವೇರಿಯು ಅಲ್ಲಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳೆಂಬ ಎರಡು ಜಲಪಾತಗಳಾಗಿ ಧುಮುಕುತ್ತಾಳೆ. ಆ ನೀರಿನ ಬಲದಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಬೇಕೆಂಬ ಆಲೋಚನೆಯು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ರೂಪುಗೊಂಡಿತು. ಜಾಲಿ ಡಿ ಲಾಟ್‌ಬಿನಿಯರ್ ಎಂಬ ಎಂಜಿನಿಯರು ಅದರ ಯೋಜನೆಯನ್ನು ಸಿದ್ಧಪಡಿಸಿದರು. ಕಾಮಗಾರಿಯು 1900ರಲ್ಲಿ ಮೊದಲಾಯಿತು. ವಿದ್ಯುದ್ಯಂತ್ರಗಳು ಅಮೆರಿಕದಿಂದಲೂ ಜಲಚಕ್ರಗಳು ಸ್ವಿಟ್ಸರ್ಲೆಂಡಿನಿಂದಲೂ ಬಂದುವು. ಶೇಷಾದ್ರಿ ಅಯ್ಯರ್ ಅವರು ತಮ್ಮ ಯೋಜನೆಯ ಫಲವನ್ನು ಕಾಣಲಿಲ್ಲ. ಅವರು 1901ರಲ್ಲಿಯೇ ಕಾಲವಾದರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಗಳಾಗಿದ್ದ ಕಾಲದ ಕೊನೆಯಲ್ಲಿ, 1902ನೆಯ ಇಸವಿ ಜೂನ್ 30ರಂದು, ಶಕ್ತಿಯು 92 ಮೈಲಿಗಳ ದೂರವನ್ನು ದಾಟಿ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವ ಮಾರ್ಗಗಳು ಆಗ ಪ್ರಪಂಚದಲ್ಲಿಯೇ ವಿರಳ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದುದು ಮೂರು ವರ್ಷಗಳ ತರುವಾಯ, 1905ರಲ್ಲಿ. ಗಣಿಗೆ ಮೊದಲು, ನಗರಕ್ಕೆ ಆಮೇಲೆ, ಹಳ್ಳಿಗೆ ಎಲ್ಲಕ್ಕಿಂತ ಕೊನೆಗೆ: ಈ ಕ್ರಮವು ಬಹುಕಾಲ ಬದಲಾಗಲಿಲ್ಲ.

ಜೂನ್ 30 ಎಂದರೆ ಆರಿದ್ರಾ ಮಳೆಯ ಕಾಲ. ಆಗ ಹೊಳೆಗೆ ಹೊಸ ನೀರು ಬರುತ್ತಿರುತ್ತದೆ. ಆದರೆ ಅದೇ ಕಾವೇರಿಯು ಫಾಲ್ಗುಣ ಚೈತ್ರಗಳಲ್ಲಿ ಬಂಡೆಗಳ ನಡುವೆ ಸಣ್ಣ ಕಾಲುವೆಯಂತೆ ಹರಿಯುವಳು. ಗಣಿಗಳಿಗಾದರೋ ಋತುವಿನ ಭೇದವಿಲ್ಲ. ನೆಲದಡಿಯಿಂದ ನೀರನ್ನು ಎತ್ತುವ ಪಂಪುಗಳೂ, ಆಳಕ್ಕೆ ಗಾಳಿಯನ್ನು ಕಳುಹಿಸುವ ಯಂತ್ರಗಳೂ, ಅದುರನ್ನು ಕುಟ್ಟುವ ಒನಕೆಗಳೂ ಹಗಲಿರುಳು ನಡೆಯಲೇಬೇಕು. ಶಕ್ತಿಯು ನಿಂತಿತೆಂದರೆ ಭೂಮಿಯ ಗರ್ಭದಲ್ಲಿರುವ ಕೂಲಿಗಾರನ ಉಸಿರಿನ ಪ್ರಶ್ನೆಯೇ ಏಳುತ್ತಿತ್ತು. ಆದುದರಿಂದ ಕನ್ನಡ ನಾಡಿನಲ್ಲಿ ವಿದ್ಯುತ್ತಿಗೆ ಎದುರಾದ ಮೊದಲನೆಯ ವಿಘ್ನವು ಬಿರುಗಾಳಿಯಲ್ಲ, ಬೇಸಗೆ. ಅಂದರೆ ನೀರಿನ ಅಭಾವ. ಗಣಿಗಳ ಬೇಡಿಕೆಯು ಏರಿದಂತೆ ನದಿಯ ಸಹಜ ಪ್ರವಾಹವು ಸಾಲದೆ ಬಂದಿತು. ಮಳೆಗಾಲದ ನೀರನ್ನು ಕೂಡಿಟ್ಟು ಬೇಸಗೆಯಲ್ಲಿ ಅಳೆದು ಬಿಡುವ ಉಪಾಯವೊಂದೇ ಉಳಿಯಿತು.

ಕನ್ನಂಬಾಡಿಯ ಬಳಿ 1911ರಲ್ಲಿ ಮೊದಲಾದ ಕಟ್ಟೆಯ ಉದ್ದೇಶವು ಬೇಸಾಯವೊಂದೇ ಅಲ್ಲ. ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರನ್ನು ಒದಗಿಸುವುದೂ ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿದ್ದಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೊದಲು ಮುಖ್ಯ ಎಂಜಿನಿಯರಾಗಿಯೂ 1912ರಿಂದ ದಿವಾನರಾಗಿಯೂ ಈ ಕೆಲಸವನ್ನು ಮುಂದುವರಿಸಿದರು. ಕೆಳಗಿನ ಮದರಾಸು ಪ್ರಾಂತದೊಡನೆ ನೀರಿನ ವಿವಾದವು ಎದ್ದು, 1924ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಬೇಸಗೆಯ ದೀಪಕ್ಕೆ ಮಳೆಗಾಲದ ನೀರನ್ನು ಸಾಲವಾಗಿ ಪಡೆಯುವ ಈ ಕ್ರಮದಲ್ಲಿ ಕನ್ನಂಬಾಡಿಯೆಂಬ ಹಳ್ಳಿಯೂ ಅಲ್ಲಿನ ಹೊಲಗದ್ದೆಗಳೂ ಮುಳುಗಿದುವು. ಬೇರೆಡೆಯ ಬೆಳಕಿಗಾಗಿ ಒಂದು ಹಳ್ಳಿಯು ತನ್ನ ಒಲೆಯನ್ನು ನಂದಿಸಬೇಕಾಯಿತು. ಆದರೆ ಇದೇ ಕೊನೆಯಾಗಲಿಲ್ಲ.

ಒಪ್ಪಂದವಾದ ಆ ವರ್ಷವೇ, 1924ರ ಜುಲೈ ತಿಂಗಳಲ್ಲಿ, ಅಭಾವಕ್ಕೆ ವಿರುದ್ಧವಾದ ವಿಪತ್ತು ಬಂದಿತು. ಕಾವೇರಿಯ ಕಣಿವೆಯಲ್ಲಿಯೂ ಪಶ್ಚಿಮ ಘಟ್ಟಗಳಾಚೆಯ ಮಲೆಯಾಳ ದೇಶದಲ್ಲಿಯೂ ಹಿಂದಿನವರು ಕಾಣದಂತಹ ನೆರೆಯು ಏರಿತು. ಮುನ್ನಾರಿನ ಬೆಟ್ಟದ ರೈಲುದಾರಿಯು ಆ ಮಳೆಯಲ್ಲಿ ಕೊಚ್ಚಿಹೋದುದು ಮತ್ತೆ ಕಟ್ಟಲ್ಪಡಲೇ ಇಲ್ಲ. ಜಲಪಾತದಿಂದ ಶಕ್ತಿಯನ್ನು ಪಡೆಯುವ ಸ್ಥಾವರಕ್ಕೆ ನೆರೆಯೂ ಹಿತವಲ್ಲವೆಂಬ ಸಂಗತಿಯು ಸಾಮಾನ್ಯ ಜನರಿಗೆ ವಿಚಿತ್ರವಾಗಿ ತೋರಬಹುದು. ನೀರು ಹೆಚ್ಚಿದರೆ ಶಕ್ತಿಯೂ ಹೆಚ್ಚಬೇಕಲ್ಲವೆ? ವಾಸ್ತವವಾಗಿ ಶಕ್ತಿಯು ನೀರಿನ ಮೊತ್ತದಿಂದಷ್ಟೇ ಹುಟ್ಟುವುದಲ್ಲ. ಮೇಲಿನ ನೀರಿಗೂ ಕೆಳಗಿನ ನೀರಿಗೂ ನಡುವೆ ಇರುವ ಎತ್ತರದಿಂದಲೂ ಹುಟ್ಟುತ್ತದೆ. ನೆರೆಯಲ್ಲಿ ಕೆಳಗಿನ ಮಟ್ಟವು ಏರಿ ಆ ಎತ್ತರವು ಕುಗ್ಗುತ್ತದೆ. ತೇಲಿಬಂದ ಮರಮಟ್ಟುಗಳೂ ಕಸಕಡ್ಡಿಗಳೂ ನೀರು ಒಳಹೋಗುವ ಜಾಲರಿಗಳನ್ನು ಮುಚ್ಚುತ್ತವೆ. ಹೀಗೆ ಜಲಶಕ್ತಿಗೆ ಅನಾವೃಷ್ಟಿ, ಅತಿವೃಷ್ಟಿಗಳೆರಡೂ ಶತ್ರುಗಳೇ. ಶಾಸ್ತ್ರಗಳಲ್ಲಿ ಎಣಿಸಿರುವ ಈತಿಬಾಧೆಗಳಲ್ಲಿ ಮೊದಲಿನ ಎರಡು ಇವೇ ಆಗಿರುವುದು ಗಮನಾರ್ಹ.

ಹೊಳೆಯ ವಿಷಯವು ಹೀಗಾದರೆ ದಾರಿಯ ವಿಷಯವು ಬೇರೆ. ನೂರಾರು ಮೈಲಿಗಳ ತಂತಿಯು ಬಯಲಿನಲ್ಲಿ, ಗುಡ್ಡದಲ್ಲಿ, ಕಾಡಿನಲ್ಲಿ ಆಕಾಶದ ಕೆಳಗೆ ನಿರಾಶ್ರಯವಾಗಿ ನಿಂತಿರುತ್ತದೆ. ಕನ್ನಡದ ರೈತನು ಮಳೆಯನ್ನು ನಕ್ಷತ್ರಗಳಿಂದ ಎಣಿಸುತ್ತಾನೆ. ತಂತಿಯ ಕಷ್ಟಗಳನ್ನೂ ಅದೇ ಲೆಕ್ಕದಲ್ಲಿ ಹೇಳಬಹುದು. ಏತಕ್ಕೆಂದರೆ ಒಂದೊಂದು ಮಳೆಯೂ ಒಂದೊಂದು ಬಗೆಯಲ್ಲಿ ದೀಪವನ್ನು ನಂದಿಸುತ್ತದೆ.

ಏಪ್ರಿಲ್ ನಡುವಿನ ಅಶ್ವಿನಿಯಿಂದ ಮೇ ತಿಂಗಳ ಕೃತ್ತಿಕೆಯವರೆಗಿನ ಮಳೆಗಳು ಅಪರಾಹ್ಣದ ಮಳೆಗಳು. ಹಗಲೆಲ್ಲ ಕಾದ ನೆಲದಿಂದ ಬಿಸಿಗಾಳಿಯು ಮೇಲೇರಿ, ತೇವದ ಗಾಳಿಯೊಡನೆ ಕೂಡಿ, ಸಂಜೆಯ ಹೊತ್ತಿಗೆ ಮೋಡವು ಗೋಪುರದಂತೆ ಎದ್ದು ನಿಲ್ಲುತ್ತದೆ. ಮೊದಲು ಧೂಳಿನ ಗಾಳಿ, ಆಮೇಲೆ ಸಿಡಿಲು, ಕೆಲವು ವೇಳೆ ಆಲಿಕಲ್ಲು. ಸಿಡಿಲು ತಂತಿಗೆ ನೇರವಾಗಿ ಬಡಿಯಬೇಕೆಂಬುದಿಲ್ಲ. ಸಮೀಪದಲ್ಲಿ ಬಡಿದರೂ ತಂತಿಯಲ್ಲಿ ಕ್ಷಣಮಾತ್ರ ಅಪಾರವಾದ ಒತ್ತಡವು ಏಳುತ್ತದೆ. ಆ ಒತ್ತಡವು ಪಿಂಗಾಣಿಯ ಬಟ್ಟಲಿನ ಮೇಲಿಂದ ಹಾರಿ ಕಂಬಕ್ಕಿಳಿಯುತ್ತದೆ. ಅದು ಹಾರಿದ ದಾರಿಯಲ್ಲಿಯೇ ತಂತಿಯ ಸ್ವಂತ ಶಕ್ತಿಯೂ ಹಿಂಬಾಲಿಸಿ ಹರಿದು ಬೆಂಕಿಯ ಬಿಲ್ಲಾಗುತ್ತದೆ. ಇದನ್ನು ತಡೆಯಲು ಮಿಂಚುತಡೆಗಳನ್ನೂ, ದೊಡ್ಡ ಗೋಪುರಗಳ ನೆತ್ತಿಯ ಮೇಲೆ ಭೂಮಿಗೆ ಸೇರಿಸಿದ ಬರಿಯ ತಂತಿಯನ್ನೂ ಕಟ್ಟುವ ಪದ್ಧತಿಯು ಬಂದಿತು. ಹಾಗಿದ್ದರೂ ಹಳ್ಳಿಯ ಸಣ್ಣ ಮಾರ್ಗಗಳಿಗೆ ಈ ರಕ್ಷಣೆಯು ಅಲ್ಪವಾಗಿಯೇ ದೊರೆಯುತ್ತದೆ.

ಈ ಮುಂಚಿನ ಮಳೆಗಳಲ್ಲಿ ಮತ್ತೊಂದು ವಿಚಿತ್ರವೂ ಉಂಟು. ಜೋರಾದ ಮಳೆಯೇ ಬರಬೇಕಾಗಿಲ್ಲ. ನಾಲ್ಕು ಹನಿ ಬಿದ್ದೊಡನೆ ದೀಪ ಹೋಗುವುದೆಂದು ಹಳ್ಳಿಯವರು ಹಾಸ್ಯ ಮಾಡುವುದುಂಟು. ಆ ಹಾಸ್ಯದಲ್ಲಿ ಸತ್ಯಾಂಶವಿದೆ. ಆರು ತಿಂಗಳ ಬಿಸಿಲಿನಲ್ಲಿ ಪಿಂಗಾಣಿಯ ಬಟ್ಟಲುಗಳ ಮೇಲೆ ಧೂಳೂ ಹೊಗೆಯೂ ಕುಳಿತಿರುತ್ತವೆ. ಒಣಗಿರುವಾಗ ಆ ಧೂಳು ನಿರಪಾಯವಾದುದು. ತುಂತುರಿನಿಂದ ತೇವಗೊಂಡಾಗ ಅದೇ ವಿದ್ಯುತ್ತಿಗೆ ಸೇತುವೆಯಾಗುತ್ತದೆ. ದೊಡ್ಡ ಮಳೆಯಾದರೆ ಧೂಳನ್ನು ತೊಳೆದು ಬಟ್ಟಲನ್ನು ಶುದ್ಧಗೊಳಿಸುತ್ತದೆ. ತುಂತುರಾದರೆ ನೆನೆಸಿ ಬಿಡುತ್ತದೆ. ಕಡಲ ತೀರದ ಊರುಗಳಲ್ಲಿ ಧೂಳಿನ ಕೆಲಸವನ್ನು ಉಪ್ಪಿನ ಗಾಳಿಯು ಮಾಡುತ್ತದೆ.

ಜೂನ್ ತಿಂಗಳ ಮೃಗಶಿರೆಯಿಂದ ಆಗಸ್ಟಿನ ಆಶ್ಲೇಷೆಯವರೆಗೆ ಮಲೆನಾಡಿನ ಸರದಿ. ಆಗ ಸಿಡಿಲು ಕಡಿಮೆ. ಬಿಡದೆ ಸುರಿಯುವ ಮಳೆಯೂ ಬಿಡದೆ ಬೀಸುವ ಗಾಳಿಯೂ ಹೆಚ್ಚು. ಆಗುಂಬೆಯಂತಹ ಸ್ಥಳಗಳಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅದರ ಬಹುಭಾಗವು ಈ ತಿಂಗಳುಗಳದೇ. ಪುನರ್ವಸು, ಪುಷ್ಯಗಳ ಹೊತ್ತಿಗೆ ನೆಲವು ನೆನೆದು ಮೆತ್ತಗಾಗಿ ಮರದ ಬೇರನ್ನು ಹಿಡಿದಿಡಲಾರದು. ಗಾಳಿಗೆ ಮುರಿಯದ ಮರವು ಬುಡಸಹಿತ ಮಗುಚಿಕೊಳ್ಳುತ್ತದೆ. ಈಚಿನ ದಶಕಗಳಲ್ಲಿ ನೆಟ್ಟ ಅಕೇಶಿಯದ ತೋಪುಗಳು ಈ ತೊಂದರೆಯನ್ನು ಹೆಚ್ಚಿಸಿವೆ. ಬೇಗ ಬೆಳೆಯುವ ಆ ಮರದ ಕೊಂಬೆಯು ಪೆಡಸು; ಬೇರು ಆಳಕ್ಕಿಳಿಯದು. ಒಂದು ಮರವು ತಂತಿಯ ಮೇಲೆ ಬಿದ್ದರೆ ಅಕ್ಕಪಕ್ಕದ ಎರಡು ಮೂರು ಕಂಬಗಳನ್ನೂ ಎಳೆದುಕೊಂಡು ಬೀಳುತ್ತದೆ. ಗುಡ್ಡದ ಒಂಟಿಮನೆಗೆ ಹೋಗುವ ಮಾರ್ಗದಲ್ಲಿ ಅಂತಹ ಕಂಬವನ್ನು ಹೆಗಲ ಮೇಲೆ ಹೊತ್ತೇ ಸಾಗಿಸಬೇಕು. ಹೀಗಾಗಿ ಬಯಲುಸೀಮೆಯಲ್ಲಿ ಗಂಟೆಗಳ ಲೆಕ್ಕದಲ್ಲಿ ಮುಗಿಯುವ ಕತ್ತಲೆಯು ಮಲೆನಾಡಿನಲ್ಲಿ ದಿನಗಳ ಲೆಕ್ಕವಾಗುತ್ತದೆ. ಅಕ್ಟೋಬರಿನ ಚಿತ್ತೆ, ಸ್ವಾತಿಗಳಲ್ಲಿ ಹಿಂಗಾರಿನ ಗುಡುಗು ಮಿಂಚುಗಳು ತಿರುಗಿ ಬಂದು ವರ್ಷದ ಚಕ್ರವನ್ನು ಪೂರ್ಣಗೊಳಿಸುತ್ತವೆ.

ವಿದ್ಯುತ್ತು ಹಳ್ಳಿಗಳಿಗೆ ಹಬ್ಬಿದ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ನೋಡಬೇಕು. ಶಿಂಷಾ ಸ್ಥಾವರವು 1940ರಲ್ಲಿಯೂ, ಇಂದು ಮಹಾತ್ಮಾ ಗಾಂಧಿಯವರ ಹೆಸರನ್ನು ಹೊತ್ತಿರುವ ಜೋಗದ ಸ್ಥಾವರವು 1948ರಲ್ಲಿಯೂ ಕೆಲಸಕ್ಕೆ ತೊಡಗಿದುವು. ರಾಜ್ಯದ ಏಕೀಕರಣವಾದ ಮರುವರ್ಷ, 1957ರಲ್ಲಿ, ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾಯಿತು. ಲಿಂಗನಮಕ್ಕಿಯ ಅಣೆಕಟ್ಟಿನಿಂದ ಶರಾವತಿಯ ದೊಡ್ಡ ಸ್ಥಾವರವು 1964ರಲ್ಲಿ ಶಕ್ತಿಯನ್ನು ಕೊಡಲಾರಂಭಿಸಿತು. ಬಡವರ ಮನೆಗೆ ಒಂದು ದೀಪವನ್ನು ಒದಗಿಸುವ ಭಾಗ್ಯಜ್ಯೋತಿ ಯೋಜನೆಯು 1979-80ರಲ್ಲಿ ಮೊದಲಾಯಿತು. ಈ ನಡುವೆ ರೈತನ ಬಾವಿಗೆ ಪಂಪು ಬಂದಿತು. ಏತ, ಕಪಿಲೆಗಳು ಮೂಲೆ ಸೇರಿದುವು. ಇದರಿಂದ ವಿದ್ಯುತ್ತಿನ ನಿಲುಗಡೆಯ ಅರ್ಥವೇ ಬದಲಾಯಿತು. ಮೊದಲು ಕತ್ತಲೆಯೆಂದರೆ ಓದುವ ಹುಡುಗನ ತೊಂದರೆ. ಈಗ ಬೆಳೆದು ನಿಂತ ಬತ್ತದ ತೊಂದರೆ, ಕುಡಿಯುವ ನೀರಿನ ತೊಟ್ಟಿಯ ತೊಂದರೆ, ಹಾಲಿನ ಡೇರಿಯ ತೊಂದರೆ.

ಶರಾವತಿಯ ಹೆಸರು ಬಂದಾಗ ಒಂದು ಮಾತನ್ನು ಬಿಡಲಾಗದು. ಲಿಂಗನಮಕ್ಕಿಯ ಹಿನ್ನೀರು ಸಾಗರ, ಹೊಸನಗರ ಸೀಮೆಗಳ ಹಲವಾರು ಹಳ್ಳಿಗಳನ್ನು ಮುಳುಗಿಸಿತು. ಜೋಗದ ಮೊದಲ ಸ್ಥಾವರಕ್ಕೆ ನೀರೂಡಿದ ಹಿರೇಭಾಸ್ಕರದ ಕಟ್ಟೆಯನ್ನೂ ಮುಳುಗಿಸಿತು. ಮಳೆ ಕಡಿಮೆಯಾದ ವರ್ಷಗಳ ಬೇಸಗೆಯಲ್ಲಿ ಆ ಹಳೆಯ ಕಟ್ಟೆಯು ನೀರಿನಿಂದ ಮೇಲೆದ್ದು ಕಾಣಿಸಿಕೊಳ್ಳುತ್ತದೆ. ಅದು ಕಂಡಿತೆಂದರೆ ನಾಡಿಗೆ ವಿದ್ಯುತ್ತಿನ ಬರ ಸಮೀಪಿಸಿತೆಂದೇ ಅರ್ಥ. ನೆಲವನ್ನು ಬಿಟ್ಟುಕೊಟ್ಟು ಎತ್ತರಕ್ಕೆ ಸರಿದ ಕುಟುಂಬಗಳ ಎಷ್ಟೋ ಮನೆಗಳಿಗೆ, ಅವರ ಗದ್ದೆಯ ಮೇಲೆ ನಿಂತ ನೀರಿನಿಂದ ಹುಟ್ಟಿದ ದೀಪವು ಬಹುಕಾಲ ಬರಲಿಲ್ಲ. ತುಮರಿಯ ಕಡೆಯ ಹಳ್ಳಿಗಳು ಹಿನ್ನೀರಿನಿಂದ ಸುತ್ತುವರಿದು ದ್ವೀಪದಂತಾದುವು. 2025ರ ಜುಲೈಯಲ್ಲಿ ಸೇತುವೆಯು ತೆರೆಯುವವರೆಗೆ, ಕಂಬವಾಗಲಿ ತಂತಿಯಾಗಲಿ ಆಳಾಗಲಿ ಆ ದಡಕ್ಕೆ ಹೋಗಬೇಕಾದರೆ ಲಾಂಚನ್ನು ಕಾಯಬೇಕಾಗಿತ್ತು, ಇಲ್ಲವೆ ದೂರದ ಸುತ್ತುದಾರಿಯನ್ನು ಹಿಡಿಯಬೇಕಾಗಿತ್ತು. ಕಾರಣವು ಗಾಳಿಮಳೆಯದಾದರೂ ಕತ್ತಲೆಯ ಅವಧಿಯನ್ನು ನಿರ್ಣಯಿಸುವುದು ಮನುಷ್ಯನು ಮಾಡಿದ ದಾರಿಯೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ಇನ್ನು ಸುದ್ದಿ ತಿಳಿಸುವ ಕ್ರಮ. ದೂರಕ್ಕೆ ಶಕ್ತಿಯನ್ನು ಸಾಗಿಸುವ ಮೊದಮೊದಲಿನ ಮಾರ್ಗಗಳಲ್ಲಿ ಅದರ ಜೊತೆಗೆ ದೂರವಾಣಿಯ ತಂತಿಯನ್ನೂ ಎಳೆಯುವುದು ಎಲ್ಲ ದೇಶಗಳಲ್ಲಿಯೂ ವಾಡಿಕೆಯಾಗಿತ್ತು. ಶಕ್ತಿಯು ಎಲ್ಲಿ ನಿಂತಿತೆಂಬುದನ್ನು ಹೇಳಲು ಬೇರೊಂದು ತಂತಿ ಬೇಕೆಂಬ ವಿವೇಕವು ಎಂಜಿನಿಯರುಗಳಿಗೆ ಆರಂಭದಲ್ಲಿಯೇ ಇದ್ದಿತು. ಆದರೆ ಶಕ್ತಿಯು ಹಳ್ಳಿಗೆ ಹಬ್ಬಿದಾಗ ಮಾತಿನ ತಂತಿಯು ಅದರ ಜೊತೆಗೆ ಬರಲಿಲ್ಲ. ಹಳ್ಳಿಯಲ್ಲಿ ದೀಪ ಹೋದರೆ ಹೋಬಳಿಯ ಶಾಖಾ ಕಛೇರಿಗೆ ಕಾಲುನಡಿಗೆಯಲ್ಲಿಯೋ ಸೈಕಲ್ಲಿನಲ್ಲಿಯೋ ಹೋಗಿ ಹೇಳಬೇಕು. ಅಲ್ಲಿ ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುವರು. ಮಾರ್ಗದಾಳು ಅಂದರೆ ಜನರ ಬಾಯಿಯ 'ಲೈನ್‌ಮನ್' ಬರುವನು. ಸಂತೆಯ ದಿನ ಅವನು ಎದುರಾದರೆ ಅದೇ ಅಹವಾಲಿನ ದಿನ. ಊರಿನ ಶಾಲೆಯ ಮೇಷ್ಟರೋ ಪೋಸ್ಟ್ ಮಾಸ್ತರರೋ ಒಂದು ಕಾಗದವನ್ನು ಬರೆದುಕೊಟ್ಟರೆ ಅದಕ್ಕೆ ಹೆಚ್ಚಿನ ಬೆಲೆ. ಬಳಿಕ ದೂರವಾಣಿ ಬಂದಿತು. ಅದರ ಬಳಿಕ ಕಿಸೆಯ ಮೊಬೈಲು ಬಂದಿತು. 1912 ಎಂಬ ಸಂಖ್ಯೆಗೆ ಕರೆ ಮಾಡಿ ದೂರು ಹೇಳುವ ಏರ್ಪಾಡೂ ಆಯಿತು. ಆದರೆ ಬಿರುಗಾಳಿಯ ರಾತ್ರಿಯಲ್ಲಿ ಮೊಬೈಲಿನ ಗೋಪುರಕ್ಕೂ ಅದೇ ವಿದ್ಯುತ್ತು ಬೇಕು. ಮಲೆನಾಡಿನ ಗೋಪುರಗಳು ಬ್ಯಾಟರಿ ತೀರಿದೊಡನೆ ಮೌನವಾಗುತ್ತವೆ. ದೀಪ ಹೋದ ಸುದ್ದಿಯನ್ನು ತಿಳಿಸುವ ಸಾಧನವು ದೀಪದ ಜೊತೆಗೇ ಹೋಗುವ ಈ ವಿಪರ್ಯಾಸದಲ್ಲಿ ಹಳ್ಳಿಯು ತಿರುಗಿ ಕಾಲುನಡಿಗೆಯ ಕಾಲಕ್ಕೇ ಬಂದು ನಿಲ್ಲುತ್ತದೆ.

'ಕರೆಂಟಿಲ್ಲ' ಎಂಬ ಸುದ್ದಿಯಷ್ಟರಿಂದ ಕೆಲಸವು ನಡೆಯದು. ಒಂದು ಮನೆಯ ದೀಪ ಹೋದುದೋ, ಒಂದು ಕೇರಿಯದೋ, ಊರಿಗೂರೇ ಕತ್ತಲೆಯೋ. ದೀಪವು ಪೂರ್ತಿಯಾಗಿ ಹೋದುದೋ, ಮಂಕಾಗಿ ಉಳಿದಿದೆಯೋ. ಹೋಗುವ ಮುನ್ನ ಸದ್ದು ಕೇಳಿಸಿತೋ, ಕಿಡಿ ಕಂಡಿತೋ, ಯಾವ ದಿಕ್ಕಿನಲ್ಲಿ ಎಂಬ ವಿವರಗಳು ಬೇಕು. ಒಂದೇ ಮನೆಯಾದರೆ ದೋಷವು ಆ ಮನೆಯ ಕಂಬದಲ್ಲಿ. ಕೇರಿಯಾದರೆ ಪರಿವರ್ತಕದ ಫ್ಯೂಸಿನಲ್ಲಿ. ಊರುಗಳ ಸಾಲೇ ಆದರೆ 11,000 ವೋಲ್ಟಿನ ಮಾರ್ಗದಲ್ಲಿ. ಮಂಕಾದ ದೀಪವು ಮೂರು ತಂತಿಗಳಲ್ಲಿ ಒಂದು ಹರಿದುದರ ಸೂಚನೆಯಾಗಿರಬಹುದು. ನೋಡಿದವನು ಇಷ್ಟನ್ನು ಹೇಳಿದರೆ ಮಾರ್ಗದಾಳು ರಾತ್ರಿಯಲ್ಲಿ ಐದು ಮೈಲಿ ತಂತಿಯ ಕೆಳಗೆ ನಡೆಯಬೇಕಾದ ಶ್ರಮವು ತಪ್ಪುತ್ತದೆ.

ಶ್ರಮದ ಮಾತಷ್ಟೇ ಅಲ್ಲ, ಪ್ರಾಣದ ಮಾತೂ ಇದರಲ್ಲಿದೆ. ಹರಿದು ನೆಲಕ್ಕೆ ಬಿದ್ದ ತಂತಿಯು ಸತ್ತಿದೆಯೆಂದು ತಿಳಿಯುವುದು ಮಹಾ ಪ್ರಮಾದ. ತಂತಿಯು ಬಿದ್ದೊಡನೆ ಉಪಕೇಂದ್ರದ ಯಂತ್ರವು ತಾನಾಗಿಯೇ ಶಕ್ತಿಯನ್ನು ಕಡಿಯಬೇಕಾದುದು ನಿಜ. ಆದರೆ ಒಣನೆಲದ ಮೇಲೆಯೋ ಬಂಡೆಯ ಮೇಲೆಯೋ ಬಿದ್ದಾಗ ಭೂಮಿಗೆ ಹರಿಯುವ ಪ್ರವಾಹವು ತೀರ ಅಲ್ಪವಾಗಿರುವುದರಿಂದ ಆ ಯಂತ್ರಕ್ಕೆ ಅದು ಗೊತ್ತಾಗದೆ ಹೋಗಬಹುದು. ಆಗ ತಂತಿಯು ಹುಲ್ಲಿನ ಮೇಲೆ ಮಲಗಿದ ಹಾವಿನಂತೆ ಜೀವಂತವಾಗಿಯೇ ಇರುತ್ತದೆ. ಬೆಳಗಿನ ಜಾವದಲ್ಲಿ ಗದ್ದೆಗೆ ನೀರು ಕಟ್ಟಲು ಹೋದ ರೈತನು, ಮೇಯಲು ಬಿಟ್ಟ ಎತ್ತು, ಎತ್ತನ್ನು ಬಿಡಿಸಲು ಓಡಿದ ಮಗ ಎಂಬ ಕ್ರಮದಲ್ಲಿ ಒಂದೇ ತಂತಿಗೆ ಒಂದಕ್ಕಿಂತ ಹೆಚ್ಚು ಜೀವಗಳು ಬಲಿಯಾಗುವ ಭಯವಿದೆ. ಇಂತಹ ಸಂದರ್ಭದಲ್ಲಿ ಮೊದಲು ಕಂಡವನು ಅಲ್ಲಿಯೇ ದೂರದಲ್ಲಿ ಕಾವಲು ನಿಂತು ಮತ್ತೊಬ್ಬನನ್ನು ಸುದ್ದಿಗೆ ಕಳುಹಿಸುವುದು ಎಲ್ಲಕ್ಕಿಂತ ಮುಖ್ಯವಾದ ಧರ್ಮ.

ಅಪಾಯವು ಎದುರು ದಿಕ್ಕಿನಿಂದಲೂ ಬರುತ್ತದೆ. ಕತ್ತಲೆಯಾದೊಡನೆ ಅನುಕೂಲಸ್ಥರ ಮನೆಯಲ್ಲಿ ಜನರೇಟರು ಗುಡುಗುತ್ತದೆ. ಅದನ್ನು ಹೊರಗಿನ ತಂತಿಯಿಂದ ಬೇರ್ಪಡಿಸದೆ ಜೋಡಿಸಿದ್ದರೆ ಅದರ ಶಕ್ತಿಯು ಪರಿವರ್ತಕದ ಮೂಲಕ ಹಿಮ್ಮುಖವಾಗಿ ಹರಿದು, ಇಳಿಯುವ ಬದಲು ಏರಿ, ಸಾವಿರಾರು ವೋಲ್ಟಿನ ಒತ್ತಡವಾಗಿ ಮೇಲಿನ ತಂತಿಯನ್ನು ಸೇರುತ್ತದೆ. ಉಪಕೇಂದ್ರದಲ್ಲಿ ಶಕ್ತಿಯನ್ನು ಕಡಿದಿದ್ದಾರೆಂಬ ನಂಬಿಕೆಯಿಂದ ಮಳೆಯಲ್ಲಿ ಕಂಬವನ್ನೇರಿದವನಿಗೆ ಆ ಒಂದು ಮನೆಯ ಬೆಳಕು ಮರಣವಾಗುತ್ತದೆ. ಮಾರ್ಗದಾಳುವಿನ ಹೆಸರನ್ನು ಈಚೆಗೆ 'ಪವರ್ ಮ್ಯಾನ್' ಎಂದು ಬದಲಾಯಿಸಲಾಗಿದೆ. ಆದರೆ ಅವನ ಕೆಲಸದ ಅಪಾಯವು ಬದಲಾಗಿಲ್ಲ.

ಹಳ್ಳಿಗರೇ ವಿದ್ಯುತ್ತಿನ ಒಡೆಯರಾದ ಉದಾಹರಣೆಯೂ ಕನ್ನಡ ನಾಡಿನಲ್ಲಿಲ್ಲದೆ ಇಲ್ಲ. ಅಮೆರಿಕದಲ್ಲಿ 1935ರ ವೇಳೆಗೆ ಹತ್ತು ಬೇಸಾಯಗಾರರ ಮನೆಗಳಲ್ಲಿ ಸುಮಾರು ಒಂದರಲ್ಲಿ ಮಾತ್ರ ವಿದ್ಯುತ್ತಿದ್ದಿತು. ಲಾಭವಿಲ್ಲವೆಂದು ಕಂಪನಿಗಳು ಹಳ್ಳಿಗೆ ತಂತಿ ಎಳೆಯಲೊಲ್ಲದಾಗ ಸರಕಾರದಿಂದ ಸಾಲ ಪಡೆದು ಬೇಸಾಯಗಾರರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಆ ಮಾದರಿಯನ್ನು ಅನುಸರಿಸಿ 1969ರ ಸುಮಾರಿಗೆ ಭಾರತದಲ್ಲಿ ಐದು ಸಂಘಗಳು ಪ್ರಯೋಗಾರ್ಥವಾಗಿ ಸ್ಥಾಪಿತವಾದುವು. ಅವುಗಳಲ್ಲಿ ಬೆಳಗಾವಿ ಜಿಲ್ಲೆಯ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೂ ಒಂದು. ಅಲ್ಲಿ ದೂರು ಹೇಳುವವನೂ ದೂರು ಕೇಳುವ ಸಂಸ್ಥೆಯ ಸದಸ್ಯನೂ ಒಬ್ಬನೇ. ಹಾಗೆಂದಮಾತ್ರಕ್ಕೆ ಮಳೆಗಾಳಿಗಳು ಸದಸ್ಯತ್ವವನ್ನು ನೋಡಿ ಬೀಸುವುದಿಲ್ಲ. 2019ರ ಆಗಸ್ಟಿನಲ್ಲಿ ಹಿರಣ್ಯಕೇಶಿ, ಘಟಪ್ರಭೆಗಳು ಉಕ್ಕಿದಾಗ ಆ ಸೀಮೆಯೂ ನೆರೆಗೆ ಸಿಕ್ಕಿತು. ಅದರ ಹಿಂದಿನ ವರ್ಷ, 2018ರ ಆಗಸ್ಟಿನಲ್ಲಿ, ಕೊಡಗಿನ ಬೆಟ್ಟಗಳು ಜರಿದಾಗ ರಸ್ತೆ, ಮನೆ, ಕಂಬ, ತಂತಿಗಳು ಒಟ್ಟಿಗೇ ಮಣ್ಣುಪಾಲಾದುವು. ಅಂತಹ ವಿಪತ್ತಿನಲ್ಲಿ ತಂತಿಯನ್ನು ಕಟ್ಟಲು ಮೊದಲು ನೆಲವೇ ಇರಬೇಕು.

ಇದಕ್ಕೆ ಎದುರಾಗಿ 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟುವು. ಜಲಾಶಯಗಳಲ್ಲಿ ನೀರು ಇಳಿಯಿತು; ಅದೇ ಕಾಲಕ್ಕೆ ಒಣಗುವ ಬೆಳೆಯನ್ನುಳಿಸಲು ಪಂಪುಗಳ ಬೇಡಿಕೆಯು ಏರಿತು. ರಾಯಚೂರಿನಲ್ಲಿ 1985ರಲ್ಲಿ ಮೊದಲಾದ ಕಲ್ಲಿದ್ದಲಿನ ಸ್ಥಾವರವೂ, ಆಮೇಲೆ ಬಂದ ಗಾಳಿ, ಬಿಸಿಲುಗಳ ಶಕ್ತಿಯೂ ಹೊಳೆಯ ಮೇಲಿನ ಅವಲಂಬನವನ್ನು ತಗ್ಗಿಸಿವೆಯಾದರೂ, ಶಿವನಸಮುದ್ರದ ಇಂಜಿನಿಯರುಗಳು ಬೇಸಗೆಯ ಕಾವೇರಿಯನ್ನು ನೋಡಿ ಪಟ್ಟ ಚಿಂತೆಯು ಪೂರ್ಣವಾಗಿ ನಿವಾರಣೆಯಾಗಿಲ್ಲವೆಂಬುದು ಆ ವರ್ಷ ಸ್ಪಷ್ಟವಾಯಿತು.

ಅಧಿಕಾರವು ಹಳ್ಳಿಯ ಕತ್ತಲೆಯನ್ನು ಹೇಗೆ ಅಳೆಯುತ್ತದೆಂಬುದೂ ವಿಚಾರಣೀಯ. ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2004ರಲ್ಲಿ ಮಾಡಿದ ನಿಯಮಗಳಂತೆ ಫ್ಯೂಸು ಹೋದರೆ ಪಟ್ಟಣದಲ್ಲಿ 6 ಗಂಟೆಗಳೊಳಗೆ, ಹಳ್ಳಿಯಲ್ಲಿ 24 ಗಂಟೆಗಳೊಳಗೆ ಸರಿಪಡಿಸಬೇಕು. ಪರಿವರ್ತಕವು ಸುಟ್ಟರೆ ಪಟ್ಟಣಕ್ಕೆ 24 ಗಂಟೆಗಳು, ಹಳ್ಳಿಗೆ 72. ದೂರವೂ ದಾರಿಯೂ ಆಳುಗಳ ಕೊರತೆಯೂ ಈ ಭೇದಕ್ಕೆ ಸಮಾಧಾನವಾಗಿ ಹೇಳಲ್ಪಡುವುವು. ಅವುಗಳಲ್ಲಿ ನಿಜಾಂಶವೂ ಇದೆ. ಆದಾಗ್ಯೂ ಗಣಿ, ನಗರ, ಹಳ್ಳಿ ಎಂಬ 1902ರ ಕ್ರಮವು ಗಂಟೆಗಳ ರೂಪದಲ್ಲಿ ಉಳಿದುಬಂದಿದೆಯೆಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಈ ಗಡುವುಗಳಿಗೂ ಒಂದು ಷರತ್ತುಂಟು: ದೂರು ದಾಖಲಾದ ಹೊತ್ತಿನಿಂದಲೇ ಗಂಟೆಯ ಎಣಿಕೆಯು ಮೊದಲಾಗುತ್ತದೆ. ಹೇಳದೆ ಉಳಿದ ಕತ್ತಲೆಯು ಲೆಕ್ಕದಲ್ಲಿ ಕತ್ತಲೆಯೇ ಅಲ್ಲ. 'ಯಾರಾದರೂ ಹೇಳಿರುತ್ತಾರೆ' ಎಂದು ಪ್ರತಿಯೊಂದು ಮನೆಯೂ ಸುಮ್ಮನಿದ್ದ ಊರಿನಲ್ಲಿ ಯಾರೂ ಹೇಳಿರುವುದಿಲ್ಲ.

ಹಿಂದಿನ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕು ಕಛೇರಿಯ ಅಂಗಳದಲ್ಲಿ ಒಂದು ಮಳೆಮಾಪಕವಿರುತ್ತಿದ್ದಿತು. ಪ್ರತಿದಿನ ಬೆಳಗ್ಗೆ ಅದರ ನೀರನ್ನು ಅಳೆದು ಬರೆದಿಡುವ ಗುಮಾಸ್ತನ ಕೆಲಸವು ನೋಡಲು ಅಲ್ಪವಾಗಿದ್ದರೂ, ನಾಡಿನ ಮಳೆಯ ಚರಿತ್ರೆಯು ಉಳಿದಿರುವುದು ಆ ಅಲ್ಪ ಕೆಲಸದಿಂದಲೇ. ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನಾಗಿಯೇ ಅಳೆದು ಸುದ್ದಿ ಕಳುಹಿಸುವ ಮಾಪಕಗಳನ್ನು ರಾಜ್ಯದ ನೈಸರ್ಗಿಕ ವಿಪತ್ತು ಉಸ್ತುವಾರಿ ಕೇಂದ್ರವು ನಿಲ್ಲಿಸಿದೆ; ಮಿಂಚಿನ ಮುನ್ಸೂಚನೆಯನ್ನು ಕೊಡುವ 'ಸಿಡಿಲು' ಎಂಬ ಮೊಬೈಲ್ ಸಾಧನವೂ ಬಂದಿದೆ. ಮಳೆ ಎಷ್ಟು ಬಿದ್ದಿತೆಂಬುದು ಹೀಗೆ ಗೊತ್ತಾಗುತ್ತದೆ. ಆ ಮಳೆಯಲ್ಲಿ ಯಾವ ಕಂಬ ಬಿದ್ದಿತು, ಯಾವ ಕೊಂಬೆಯು ಮೂರು ವರ್ಷಗಳಿಂದ ತಂತಿಗೆ ತಗಲುತ್ತಿತ್ತು, ಯಾವ ತಿರುವಿನಲ್ಲಿ ಪ್ರತಿ ಪುಷ್ಯ ಮಳೆಗೂ ದೀಪ ಹೋಗುತ್ತದೆ ಎಂಬುದು ಮಾತ್ರ ಆ ಊರಿನವರಿಗೇ ಗೊತ್ತು. ಅದು ಅವರ ಬಾಯಿಯಲ್ಲಿ ಉಳಿದರೆ ಹರಟೆ. ತಾರೀಖು, ಸ್ಥಳ, ಕಾರಣಗಳೊಡನೆ ಬರೆಯಲ್ಪಟ್ಟರೆ ದಾಖಲೆ. ಒಂದೇ ಸ್ಥಳದಲ್ಲಿ ಐದು ಸಲ ಒಂದೇ ಕಾರಣದಿಂದ ಕತ್ತಲೆಯಾಯಿತೆಂದು ಬರೆದ ಪುಸ್ತಕದ ಮುಂದೆ 'ಇದು ದೈವಿಕ' ಎಂಬ ಉತ್ತರವು ನಿಲ್ಲಲಾರದು. ಮಳೆ ದೈವಿಕ, ಕಡಿಯದೆ ಬಿಟ್ಟ ಕೊಂಬೆ ದೈವಿಕವಲ್ಲ.

ಪಂಚಾಯಿತಿಯ ಚಾವಡಿಯಲ್ಲಿಯೋ ಶಾಲೆಯಲ್ಲಿಯೋ ಡೇರಿಯಲ್ಲಿಯೋ ಇಂತಹದೊಂದು ಪುಸ್ತಕವನ್ನಿಡಲು ಹೆಚ್ಚಿನ ಹಣವು ಬೇಕಾಗಿಲ್ಲ. ರೋಹಿಣಿಯ ಮೊದಲು ಅದನ್ನು ತೆರೆದು ನೋಡಿ, ಹಿಂದಿನ ವರ್ಷ ಬಿದ್ದ ಕಂಬಗಳ ಮೇಲಿನ ಕೊಂಬೆಗಳನ್ನು ಮಾರ್ಗದಾಳುವಿನ ಎದುರಿನಲ್ಲಿ ಕಡಿಸಿದರೆ, ಆ ವರ್ಷದ ಪುಷ್ಯ ಮಳೆಯಲ್ಲಿ ಒಂದು ರಾತ್ರಿಯ ದೀಪವಾದರೂ ಉಳಿದೀತು. ಹಿಂದೆ ಮನೆಯ ಹಿರಿಯಳು ಮುಸ್ಸಂಜೆಗೆ ಮುನ್ನ ಎಣ್ಣೆ ಬತ್ತಿಗಳನ್ನು ನೋಡಿಕೊಳ್ಳುತ್ತಿದ್ದಳು. ದೀಪವು ಊರಿನದಾದಮೇಲೆ ಆ ಕೆಲಸವು ಊರಿನದಾಗಿದೆ.